ಏಯೋನಿಯಂ: ಕಪ್ಪು ಜ್ವಾರ್ಟ್‌ಕಾಪ್ ಒಳ್ಳೆಯದಾ, ಹಾವರ್ತಿಯೈ ಒಳ್ಳೆಯದಾ?

ಸಕ್ಯುಲೆಂಟ್ (ದಪ್ಪ ಎಲೆ, ಕಾಂಡದಲ್ಲಿ ನೀರು ಕೂಡಿಡುವ ಗಿಡ) ಹುಚ್ಚು ಹತ್ತಿದವರು, ಅದೇ ಬಗೆಯ ಏಯೋನಿಯಂ ಗಿಡ ಅಂದ ಕೂಡಲೇ ಕಣ್ಣು ಹಾಕುವುದು ಕಪ್ಪು ಎಲೆಯ ಜ್ವಾರ್ಟ್‌ಕಾಪ್ ತಳಿಯ ಮೇಲೆ. ಚೆಂದ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಬೆಂಗಳೂರಿನ ನಮ್ಮ ಟೆರೇಸ್‌ನಲ್ಲಿ ಅದನ್ನೂ ಹಾವರ್ತಿಯೈ ಅನ್ನುವ ಇನ್ನೊಂದು ಏಯೋನಿಯಂ ಗಿಡವನ್ನೂ ಅಕ್ಕಪಕ್ಕ ಇಟ್ಟು, ಒಂದೇ ಮಣ್ಣು, ಒಂದೇ ಬಿಸಿಲು ಕೊಟ್ಟು ಬೆಳೆಸಿದ ಮೇಲೆ ನನ್ನ ಓಟು ಹಾವರ್ತಿಯೈಗೆ.

ಹಾವರ್ತಿಯೈ ಅಟ್ಲಾಂಟಿಕ್ ಸಾಗರದಲ್ಲಿರುವ ಸ್ಪೇನಿನ ಕ್ಯಾನರಿ ದ್ವೀಪಗಳ ಪೈಕಿ ಟೆನೆರಿಫೆಯದು. ಅಲ್ಲಿನ ಟೆನೊ ಬೆಟ್ಟಗಳ ಬಂಡೆ ಸಂದಿನಲ್ಲಿ ಬೆಳೆಯುವ ಪುಟ್ಟ ಪೊದೆ. ಅಲ್ಲಿ ಮಳೆ ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ಹಾಗಾಗಿ ಏಯೋನಿಯಂಗಳು ಚಳಿಯಲ್ಲಿ ಬೆಳೆದು ಬೇಸಿಗೆಯಲ್ಲಿ ಮಲಗುತ್ತವೆ. ನಮ್ಮಲ್ಲಿ ಉಲ್ಟಾ ಅಲ್ವಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಗಿಡ ಇನ್ನೂ ನಿದ್ದೆಯಲ್ಲಿರುವಾಗಲೇ ಮಳೆ ಬಂದು ಬುಡ ಕೊಳೆಯುತ್ತದೆ.

ಜ್ವಾರ್ಟ್‌ಕಾಪ್ ಸೋಲುವುದು ಇಲ್ಲೇ. ಎಳೆ ಗಿಡಕ್ಕೆ ಒಂದೇ ಕಾಂಡ, ಮೇಲೆ ದೊಡ್ಡ ತಲೆ, ಅಂದರೆ ತುದಿಯಲ್ಲಿ ಹೂವಿನಂತೆ ಸುತ್ತಲೂ ಹರಡಿದ ಎಲೆಗಳ ಗುಂಪು. ಏಪ್ರಿಲ್ ಹೊತ್ತಿಗೆ ಕೆಳಗಿನ ಎಲೆಗಳೆಲ್ಲ ಉದುರಿ, ಉದ್ದ ಹಿಡಿಯ ಪೊರಕೆಯನ್ನು ತಲೆಕೆಳಗಾಗಿ ನಿಲ್ಲಿಸಿದ ಹಾಗೆ ಕಾಣುತ್ತದೆ. ಮೋಡ ಕವಿದ ದಿನಗಳು ಜಾಸ್ತಿಯಾದರೆ ದುಡ್ಡು ಕೊಟ್ಟು ತಂದ ಆ ಕಪ್ಪು ಬಣ್ಣವೂ ಹಸಿರಿಗೆ ತಿರುಗುತ್ತದೆ. ಬುಡ ಒತ್ತಿ ನೋಡಿದಾಗ ಮೆತ್ತಗಿದ್ದರೆ ಮೇಲಿನ ಗಟ್ಟಿ ಭಾಗ ಕತ್ತರಿಸಿ, ಗಾಯ ಒಣಗಿಸಿ, ಮತ್ತೆ ನೆಡುವುದೊಂದೇ ದಾರಿ.

ಹಾವರ್ತಿಯೈ ಎರಡು ಅಡಿ ದಾಟುವುದು ಕಷ್ಟ, ಆದರೆ ತುಂಬಾ ಕವಲೊಡೆಯುತ್ತದೆ. ಎಲೆ ನೀಲಿ ಮಿಶ್ರಿತ ಹಸಿರು, ಅಂಚು ಕೆಂಪು. ಎಲೆಯನ್ನು ಬೆಳಕಿಗೆ ಹಿಡಿದರೆ ಅಂಚಿನುದ್ದಕ್ಕೂ ಸಣ್ಣ ಸಣ್ಣ ರೋಮ ಸಾಲಾಗಿ ಕಾಣುತ್ತವೆ. ಸೆಖೆ ಏರಿದಾಗ ಹೊರಗಿನ ಎಲೆ ಕಾಗದದಂತೆ ಒಣಗಿ, ಒಳಗಿನವು ಮೊಗ್ಗಿನ ಥರ ಮುಚ್ಚಿಕೊಳ್ಳುತ್ತವೆ. ಸತ್ತಿತು ಅಂತ ನೀರು ಸುರಿಯಬೇಡಿ, ಅದು ಮಲಗಿದೆ ಅಷ್ಟೇ. ಒಂದು ಕೊಂಬೆ ಕೊಳೆತರೆ ಕತ್ತರಿಸಿ ಬಿಸಾಕಿ, ಉಳಿದವು ನಡೆಯುತ್ತವೆ. ಕಾಂಡದಲ್ಲೇ ದಾರದಂಥ ಬೇರು ಇಳಿಬಿಟ್ಟಿರುವುದರಿಂದ ಕಟಿಂಗ್ ಸುಮ್ನೆ ಚುಚ್ಚಿದರೂ ಹಿಡಿಯುತ್ತದೆ.

ಹೂವಿನ ವಿಷಯವೂ ಇದೆ. ಏಯೋನಿಯಂನಲ್ಲಿ ಹೂ ಬಿಟ್ಟ ತಲೆ ಆಮೇಲೆ ಸಾಯುತ್ತದೆ. ಹಾವರ್ತಿಯೈಗೆ ಹತ್ತಾರು ತಲೆ, ಹೋದದ್ದು ಗೊತ್ತೇ ಆಗುವುದಿಲ್ಲ. ಕವಲೊಡೆಯದ ಜ್ವಾರ್ಟ್‌ಕಾಪ್ ಹೂ ಬಿಟ್ಟರೆ ಗಿಡವೇ ಹೋಯಿತು.

ಹಾವರ್ತಿಯೈದೂ ಒಂದು ಕಿರಿಕಿರಿ ಇದೆ. ದಟ್ಟ ಪೊದೆಯೊಳಗೆ ಒಣಗಿದ ಎಲೆ ಸಿಕ್ಕಿಕೊಂಡು ಮೀಲಿಬಗ್ (ರಸ ಹೀರುವ ಬಿಳಿ ಹತ್ತಿಯಂಥ ಕೀಟ) ಮನೆ ಮಾಡುತ್ತದೆ, ಆಗಾಗ ಬೆರಳು ಹಾಕಿ ಕಿತ್ತು ತೆಗೆಯಲೇಬೇಕು. ಬೇಜಾರಿನ ಕೆಲಸ.

ಹಳದಿ-ಗುಲಾಬಿ ಎಲೆಯ ‘ಕಿವಿ’ (Kiwi) ಅನ್ನುವ ಏಯೋನಿಯಂ ತಳಿಯನ್ನೂ ಇಟ್ಟಿದ್ದೇನೆ. ಮುದ್ದಾಗಿದೆ, ತಾಳಿಕೆಯಲ್ಲಿ ಇವೆರಡರ ನಡುವೆ.

ಯಾವುದೇ ತಂದರೂ ಮಣ್ಣಿನ ಕುಂಡ, ಅರ್ಧದಷ್ಟು ಪ್ಯೂಮಿಸ್ (ಹಗುರವಾದ ತೂತುತೂತಿನ ಜ್ವಾಲಾಮುಖಿ ಕಲ್ಲು) ಅಥವಾ ಸಣ್ಣ ಜಲ್ಲಿ ಬೆರೆಸಿದ ಮಣ್ಣು ಕೊಡಿ. ನೀರು ಧಾರಾಳವಾಗಿ ಹಾಕುವುದು ನವೆಂಬರ್‌ನಿಂದ ಫೆಬ್ರವರಿವರೆಗೆ. ಮಳೆಗೆ ಶೀಟ್ ಇರುವ ಜಾಗ ಇದ್ದರೆ ಜ್ವಾರ್ಟ್‌ಕಾಪ್ ಕೂಡ ತನ್ನಿ. ಇಲ್ಲದಿದ್ದರೆ ಆ ದುಡ್ಡಿಗೆ ಇನ್ನೊಂದು ಹಾವರ್ತಿಯೈ ಬರುತ್ತದೆ. ಮಂಗಳೂರು, ಉಡುಪಿ ಕಡೆಯವರಿಗೆ ಮಾತ್ರ ಎರಡನ್ನೂ ಹೇಳುವುದಿಲ್ಲ, ರಾತ್ರಿಯೂ ಇಳಿಯದ ಆ ಸೆಖೆ ಇವಕ್ಕೆ ಆಗಿಬರುವುದಿಲ್ಲ.