ಎಂಎಂಪಿ-9 ಆಂಟಿಬಾಡಿ: ಬ್ಲಾಟ್‌ಗೆ ಒಳ್ಳೆಯದು, ಸ್ಲೈಡ್‌ಗೆ ಅಗ್ಗ, ಸೀರಮ್‌ಗೆ ಬೇಡ

ಬಾಯಿ ಕ್ಯಾನ್ಸರ್, ವಸಡಿನ ರೋಗ, ಸಕ್ಕರೆ ಕಾಯಿಲೆಯವರ ಮಾಯದ ಹುಣ್ಣು, ಇವುಗಳ ಮೇಲೆ ಕೆಲಸ ಮಾಡುವ ನಮ್ಮ ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಲ್ಯಾಬ್‌ನವರು ಒಂದಿಲ್ಲೊಂದು ದಿನ ಎಂಎಂಪಿ-9 ಹುಡುಕಲೇಬೇಕಾಗುತ್ತದೆ. ಜಿಲಾಟಿನ್ ಮತ್ತು ನಾಲ್ಕನೇ ಬಗೆಯ ಕೊಲಾಜನ್ ಕತ್ತರಿಸುವ, ಸತುವಿನ ಬಲದ ಮೇಲೆ ನಡೆಯುವ ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ) ಇದು. ಇಲ್ಲಿ ನೋಡುತ್ತಿರುವುದು ಅದನ್ನು ಗುರುತಿಸುವ, ಮೊಲದ ರೀಕಾಂಬಿನಂಟ್ (ಜೀನ್ ತಂತ್ರದಿಂದ ಮಾಡಿದ) ಮಾನೋಕ್ಲೋನಲ್ (ಒಂದೇ ಬಗೆಯ) ಆಂಟಿಬಾಡಿ: ಮನುಷ್ಯರ ಎಂಎಂಪಿ-9ರ ಸಿ-ತುದಿಗೆ (ಪ್ರೋಟೀನ್ ಸರಪಳಿಯ ಕೊನೆಗೆ) ಅಂಟುವಂಥದ್ದು, 100 ಮೈಕ್ರೋಲೀಟರ್ ವಯಲ್, 50% ಗ್ಲಿಸರಾಲ್‌ನಲ್ಲಿ.

ಮೊದಲು ದುಡ್ಡಿನ ಮಾತು. ವೆಸ್ಟರ್ನ್ ಬ್ಲಾಟ್‌ಗೆ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದಂತೆ ಬೇರ್ಪಡಿಸಿ, ಮೆಂಬ್ರೇನ್ ಮೇಲೆ ಇಳಿಸಿ ಆಂಟಿಬಾಡಿಯಿಂದ ಹುಡುಕುವ ಪರೀಕ್ಷೆ) ಇದನ್ನು 1:1000ಕ್ಕೆ ತೆಳುಮಾಡಬೇಕು. ಡಬ್ಬಿಯಲ್ಲಿ 10 ಎಂಎಲ್ ಸುರಿದರೆ ಬ್ಲಾಟ್‌ಗೆ 10 ಮೈಕ್ರೋಲೀಟರ್ ಹೋಗುತ್ತದೆ, ಹತ್ತು ಬ್ಲಾಟ್‌ಗೆ ವಯಲ್ ಖಾಲಿ. ಮೆಂಬ್ರೇನನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಸೀಲ್ ಮಾಡಿ 5 ಎಂಎಲ್‌ನಲ್ಲೇ ಮುಗಿಸಿದರೆ ಇಪ್ಪತ್ತು. ಅಂಗಾಂಶದ ಸ್ಲೈಡ್‌ಗೆ 1:200ರಲ್ಲಿ 100 ಮೈಕ್ರೋಲೀಟರ್ ಹಾಕಿದರೂ ಖರ್ಚಾಗುವುದು ಅರ್ಧ ಮೈಕ್ರೋಲೀಟರ್ ಮಾತ್ರ; ಲೆಕ್ಕದಲ್ಲಿ 200 ಸ್ಲೈಡ್. ಥೀಸಿಸ್ ಬಜೆಟ್ ಬಿಗಿ ಇದ್ದವರು ಇದನ್ನು ನೋಡಿ ಯೋಜನೆ ಹಾಕಿಕೊಳ್ಳಲಿ.

ಬೆಂಗಳೂರಿನಿಂದ ವಿಜಯಪುರ 500 ಕಿ.ಮೀ.ಗೂ ದೂರ, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು. ಥರ್ಮಾಕೋಲ್ ಡಬ್ಬಿ ಬಿಚ್ಚಿದಾಗ ಜೆಲ್ ಪ್ಯಾಕ್ ನೀರಾಗಿರುತ್ತದೆ. ಅಷ್ಟಕ್ಕೇ ವಯಲ್ ವಾಪಸ್ ಕಳಿಸಬೇಡಿ. ಆಂಟಿಬಾಡಿ ಅಷ್ಟು ನಾಜೂಕಿನದ್ದಲ್ಲ, ಒಂದೆರಡು ದಿನದ ಬೆಚ್ಚಗನ್ನು ಸಾಮಾನ್ಯವಾಗಿ ತಡೆಯುತ್ತದೆ. ಸ್ವಲ್ಪ ಸ್ಪಿನ್ ಕೊಟ್ಟು ಮುಚ್ಚಳದ ಹನಿಗಳನ್ನು ಇಳಿಸಿ, ಮೊದಲ ಬ್ಲಾಟನ್ನು ಪಾಸಿಟಿವ್ ಕಂಟ್ರೋಲ್ (ಎಂಎಂಪಿ-9 ಇದ್ದೇ ಇದೆ ಎಂದು ಗೊತ್ತಿರುವ ಮಾದರಿ) ಮೇಲೇ ಮಾಡಿ, ಆಮೇಲೆ ತೀರ್ಮಾನಿಸಿ. ಮೈನಸ್ 20ರಲ್ಲಿ ಗ್ಲಿಸರಾಲ್ ಇರುವ ವಯಲ್ ಗಟ್ಟಿಯಾಗುವುದಿಲ್ಲ, ಹಾಗಾಗಿ ಸಣ್ಣ ಸಣ್ಣ ಟ್ಯೂಬ್‌ಗಳಿಗೆ ಹಂಚಿಡುವ ಅಗತ್ಯವೂ ಇಲ್ಲ. ಮೈನಸ್ 80ಕ್ಕೆ ಹಾಕಿದರೆ ಗಟ್ಟಿಯಾಗುತ್ತದೆ, ಅದೇ ತೊಂದರೆ.

ಪಾಸಿಟಿವ್ ಕಂಟ್ರೋಲ್‌ಗೆ ಎಚ್‌ಟಿ-1080 (ಲ್ಯಾಬ್‌ನಲ್ಲಿ ಬೆಳೆಸುವ ಮನುಷ್ಯರ ಗಡ್ಡೆಯ) ಕೋಶಗಳು ಸಾಕು. ಸೀರಮ್ ಇಲ್ಲದ ಮೀಡಿಯಮ್‌ನಲ್ಲಿ 100 ನ್ಯಾನೋಮೋಲಾರ್ ಪಿಎಂಎ (ಕೋಶಗಳನ್ನು ಪ್ರಚೋದಿಸುವ ರಾಸಾಯನಿಕ) ಹಾಕಿ 24 ತಾಸು ಬಿಡಿ. ಎಂಎಂಪಿ-9 ಕೋಶದಿಂದ ಹೊರಗೆ ಬಂದುಬಿಡುವ ಕಿಣ್ವ, ಆದ್ದರಿಂದ ಲೈಸೇಟ್ (ಕೋಶ ಒಡೆದು ತೆಗೆದ ದ್ರವ) ಅಲ್ಲ, ಮೀಡಿಯಮ್ಮನ್ನೇ 30 ಕಿಲೋಡಾಲ್ಟನ್ ಫಿಲ್ಟರ್‌ನಲ್ಲಿ ಸಾಂದ್ರಗೊಳಿಸಬೇಕು. ಕರುವಿನ ಸೀರಮ್ ಉಳಿದಿದ್ದರೆ ಅಲ್ಬುಮಿನ್ 66 ಕಿಲೋಡಾಲ್ಟನ್ ಹತ್ತಿರ ದಪ್ಪಗೆ ಕೂತು ಲೇನನ್ನೇ ಸೊಟ್ಟ ಮಾಡುತ್ತದೆ. ಲೋಡಿಂಗ್ ಕಂಟ್ರೋಲ್ (ಎಲ್ಲ ಲೇನ್‌ಗೂ ಸಮ ಪ್ರೋಟೀನ್ ಹಾಕಿದ್ದಕ್ಕೆ ಸಾಕ್ಷಿ) ಎಂದು ಬೀಟಾ-ಆಕ್ಟಿನ್ ಕೇಳುವ ಪರೀಕ್ಷಕರು ಇದ್ದಾರೆ; ಅದು ಕೋಶದೊಳಗಿನ ಪ್ರೋಟೀನ್, ಮೀಡಿಯಮ್‌ನಲ್ಲಿ ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ, ಮೆಂಬ್ರೇನ್ ಮೇಲಿನ ಎಲ್ಲ ಪ್ರೋಟೀನ್ ತೋರಿಸುವ ಪಾನ್ಸೋ ಬಣ್ಣದ ಫೋಟೋ ಇಟ್ಟುಕೊಳ್ಳಿ.

8% ಜೆಲ್, 100 ವೋಲ್ಟ್‌ನಲ್ಲಿ 90 ನಿಮಿಷ ವೆಟ್ ಟ್ರಾನ್ಸ್‌ಫರ್, 5% ಹಾಲಿನ ಪುಡಿಯಲ್ಲಿ ಬ್ಲಾಕಿಂಗ್. ಕಿರಾಣಿ ಅಂಗಡಿಯ ಡೈರಿ ವೈಟ್ನರ್ ತರಬೇಡಿ, ಅದರಲ್ಲಿ ಕೊಬ್ಬೂ ಇರುತ್ತದೆ, ಸಕ್ಕರೆಯೂ ಇರುತ್ತದೆ. ಕೆನೆ ತೆಗೆದ ಹಾಲಿನ ಪುಡಿಯೇ ಆಗಬೇಕು. ಪ್ರೈಮರಿ (ಅಂದರೆ ಈ ಆಂಟಿಬಾಡಿ) ರಾತ್ರಿಯಿಡೀ 4 ಡಿಗ್ರಿಯಲ್ಲಿ. ಬಳಸಿದ ಪ್ರೈಮರಿ ಕೆಡದಿರಲೆಂದು ಅಜೈಡ್ ಹಾಕಿಡುವವರು ಬ್ಲಾಟನ್ನು ಚೆನ್ನಾಗಿ ತೊಳೆಯಬೇಕು, ಸೆಕೆಂಡರಿಗಂತೂ (ಪ್ರೈಮರಿಗೆ ಅಂಟುವ ಎರಡನೇ ಆಂಟಿಬಾಡಿಗೆ) ಅಜೈಡ್ ಮುಟ್ಟಿಸಲೇಬಾರದು, ಅದಕ್ಕೆ ಜೋಡಿಸಿದ, ಗೆರೆ ಕಾಣುವಂತೆ ಮಾಡುವ ಕಿಣ್ವ ಎಚ್‌ಆರ್‌ಪಿ ಸತ್ತುಹೋಗುತ್ತದೆ.

ಫಲಿತಾಂಶ ಅಚ್ಚುಕಟ್ಟು. 92 ಕಿಲೋಡಾಲ್ಟನ್‌ನಲ್ಲಿ ಪ್ರೋ-ರೂಪ (ಇನ್ನೂ ಸಕ್ರಿಯವಾಗದ ಕಿಣ್ವ), ಅದರ ಕೆಳಗೆ 82ರ ಸುಮಾರಿಗೆ ಸಕ್ರಿಯ ರೂಪ. ಡಿಟಿಟಿ (ಪ್ರೋಟೀನ್‌ಗಳ ನಡುವಿನ ಗಂಧಕದ ಬಂಧ ಬಿಡಿಸುವ ರಾಸಾಯನಿಕ) ಹಳತಾಗಿದ್ದರೆ 125ರಲ್ಲಿ ಎನ್‌ಜಿಎಎಲ್ (ಬಿಳಿ ರಕ್ತಕಣಗಳ ಒಂದು ಪ್ರೋಟೀನ್) ಜೊತೆಗಿನ ಜೋಡಿ, 200ರ ಮೇಲೆ ಡೈಮರ್ (ಎರಡು ಎಂಎಂಪಿ-9 ಕೂಡಿದ್ದು) ಕಾಣಿಸಿಕೊಳ್ಳುತ್ತವೆ. ಹೊಸ ಡಿಟಿಟಿ ಹಾಕಿ ಕುದಿಸಿದರೆ ಮಾಯ. ಇದನ್ನು ನೋಡಿ ಆಂಟಿಬಾಡಿ ಅಡ್ಡಾದಿಡ್ಡಿ ಅಂಟುತ್ತಿದೆ ಎಂದು ಬೈಯುವುದು ಅನ್ಯಾಯ. ಸಿ-ತುದಿ ಕಳಚಿಕೊಂಡ 65ರ ತುಂಡು ಮಾತ್ರ ಈ ಆಂಟಿಬಾಡಿಗೆ ಕಾಣುವುದಿಲ್ಲ.

ಆದರೆ 82ರ ಗೆರೆ ಕಂಡ ಕೂಡಲೇ 'ಕಿಣ್ವದ ಚಟುವಟಿಕೆ ಹೆಚ್ಚಿದೆ' ಎಂದು ಬರೆಯಬೇಡಿ. ಟಿಂಪ್-1 (ಈ ಕಿಣ್ವವನ್ನು ತಡೆಯುವ ಪ್ರೋಟೀನ್) ಹಿಡಿದುಕೊಂಡ ಕಿಣ್ವವೂ ಅದೇ ಗೆರೆಯಲ್ಲಿ ಬರುತ್ತದೆ. ಜೊತೆಗೆ ಜಿಲಾಟಿನ್ ಝೈಮೋಗ್ರಫಿ (ಜಿಲಾಟಿನ್ ಬೆರೆಸಿದ ಜೆಲ್‌ನಲ್ಲಿ ಕಿಣ್ವ ಕತ್ತರಿಸಿದ ಜಾಗ ನೋಡುವ ಪರೀಕ್ಷೆ) ಮಾಡಿದರೆ ಒಳ್ಳೆಯದು, ಅಲ್ಲೂ ಹುಷಾರು: ಜೆಲ್‌ನಲ್ಲಿರುವ ಡಿಟರ್ಜೆಂಟ್ ಎಸ್‌ಡಿಎಸ್ ಪ್ರೋ-ರೂಪವನ್ನು ಬಿಚ್ಚುವುದರಿಂದ 92ರಲ್ಲೂ ಬಿಳಿ ಗೆರೆ ಬೀಳುತ್ತದೆ.

ಸ್ಲೈಡ್‌ನಲ್ಲಿ ಇದು ಇನ್ನೂ ಚೆನ್ನಾಗಿ ನಡೆಯುತ್ತದೆ, ತಪ್ಪು ಓದುವ ಸಾಧ್ಯತೆಯೂ ಅಲ್ಲೇ ಹೆಚ್ಚು. ಪಿಎಚ್ 9ರ ಟ್ರಿಸ್-ಇಡಿಟಿಎ ದ್ರವದಲ್ಲಿ ರಿಟ್ರೀವಲ್ (ಫಾರ್ಮಲಿನ್‌ನಿಂದ ಮುಚ್ಚಿಹೋದ ಅಂಟುಜಾಗಗಳನ್ನು ಬಿಚ್ಚುವುದು), 3% ಹೈಡ್ರೋಜನ್ ಪೆರಾಕ್ಸೈಡ್ 10 ನಿಮಿಷ. ಹುಣ್ಣಾದ ಗಡ್ಡೆಯಲ್ಲಿ ನ್ಯೂಟ್ರೋಫಿಲ್‌ಗಳು (ಒಂದು ಬಗೆಯ ಬಿಳಿ ರಕ್ತಕಣ) ಹಿಂಡು ಹಿಂಡಾಗಿ ನುಗ್ಗಿರುತ್ತವೆ, ಅವುಗಳ ಕಣಗಳ ತುಂಬ ಎಂಎಂಪಿ-9. ಸಣ್ಣ ಲೆನ್ಸ್‌ನಲ್ಲಿ ನೋಡಿದರೆ ಇಡೀ ಜಾಗ ಕಂದು. 40ರ ಲೆನ್ಸ್‌ಗೆ ಹೋಗಿ ಹಾಲೆ ಹಾಲೆಯಾದ ನ್ಯೂಕ್ಲಿಯಸ್ ಇರುವವನ್ನು ಬಿಟ್ಟು ಗಡ್ಡೆಯ ಕೋಶಗಳನ್ನಷ್ಟೇ ಎಣಿಸಿ. ಆ ನ್ಯೂಟ್ರೋಫಿಲ್‌ಗಳೇ ಪುಕ್ಕಟೆ ಪಾಸಿಟಿವ್ ಕಂಟ್ರೋಲ್ ಕೂಡ. ಇನ್ನೊಂದು, ನಮ್ಮ ಕಡೆಯವರ ವಸಡಿನಲ್ಲಿ ಮೆಲನಿನ್ ಜಾಸ್ತಿ. ಅದೂ ಕಂದು, ಆಂಟಿಬಾಡಿ ಅಂಟಿದ ಜಾಗ ತೋರಿಸುವ ಬಣ್ಣ ಡಿಎಬಿಯೂ ಕಂದು. ಪ್ರೈಮರಿ ಹಾಕದ ಸ್ಲೈಡ್ ಪಕ್ಕದಲ್ಲಿಡಿ, ಇಲ್ಲವೇ ಕೆಂಪು ಬಣ್ಣ ಕೊಡುವ ಎಇಸಿ ಬಳಸಿ. ಎಇಸಿ ಆಲ್ಕೋಹಾಲ್‌ನಲ್ಲಿ ಕರಗಿಹೋಗುತ್ತದೆ, ಗ್ಲಿಸರಿನ್ ಜೆಲ್ಲಿಯಲ್ಲೇ ಮೌಂಟ್ ಮಾಡಬೇಕು.

ರೋಗಿಗಳ ಸೀರಮ್ ಅಳೆಯಲು ಇದನ್ನು ಕೊಳ್ಳಬೇಡಿ. ಅಲ್ಲಿ ಎಂಎಂಪಿ-9 ಇರುವುದು ನ್ಯಾನೋಗ್ರಾಂ ಲೆಕ್ಕದಲ್ಲಿ, ಅದಕ್ಕೆ ಜೋಡಿ ಆಂಟಿಬಾಡಿಗಳ ಎಲೈಸಾ (ಪ್ರೋಟೀನಿನ ಪ್ರಮಾಣ ಅಳೆಯುವ ಪರೀಕ್ಷೆ) ಕಿಟ್ ಬೇಕು. ಅದರಲ್ಲೂ ರಕ್ತ ಹೆಪ್ಪುಗಟ್ಟುವಾಗ ಬಿಳಿ ರಕ್ತಕಣಗಳು ಕಿಣ್ವವನ್ನು ಸುರಿಯುವುದರಿಂದ ಸೀರಮ್ ಅಂಕಿ ಉಬ್ಬುತ್ತದೆ. ಸಿಟ್ರೇಟ್ ಪ್ಲಾಸ್ಮಾ ತೆಗೆದು ತಡಮಾಡದೆ ಸ್ಪಿನ್ ಮಾಡಿ. ಇಲಿಗಳ ಮೇಲೆ ಕೆಲಸ ಮಾಡುವವರು ಡೇಟಾಶೀಟ್‌ನಲ್ಲಿ ಇಲಿಯ ಹೆಸರಿದೆಯೇ ನೋಡಿಯೇ ಆರ್ಡರ್ ಹಾಕಿ, ಮನುಷ್ಯರ ಸಿ-ತುದಿಗೆ ಮಾಡಿದ್ದು ಅಲ್ಲಿ ಹಿಡಿಯುತ್ತದೆ ಎಂಬ ಭರವಸೆ ಇಲ್ಲ.