ದಿನಕ್ಕೆ ಒಂಬತ್ತು ಕಿಲೋಮೀಟರ್ ಓಡಾಡುವವನಿಗೆ ಏಳು ಸೀಟಿನ ಡೀಸೆಲ್ ಗಾಡಿಯೋ, ವ್ಯಾಗನಾರೋ?

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಮಂಗಳೂರು ಪೇಟೆಯೊಳಗೆ ಮನೆ, ಪೇಟೆಯೊಳಗೇ ಕೆಲಸ, ತಿಂಗಳಿಗೆ ಎರಡು ಸಲ ಊರಿಗೆ ಹೋಗಿ ಬರುವುದು. ನಿಮ್ಮ ಓಡಾಟ ಇಷ್ಟೇ ಆದರೆ ಸಣ್ಣ ಪೆಟ್ರೋಲ್ ಕಾರು ತಗೊಳ್ಳಿ. ನಾನು ಮೂರು ವರ್ಷ ಏಳು ಸೀಟಿನ ಡೀಸೆಲ್ ಎಸ್‌ಯುವಿ ಓಡಿಸಿ, 2024ರ ಜನವರಿಯಲ್ಲಿ ಅದನ್ನು ಕೊಟ್ಟು 1.2 ಲೀಟರಿನ ವ್ಯಾಗನಾರ್ ತಂದವನು. ಎರಡೂ ಓಡಿದ್ದು ಅದೇ ರಸ್ತೆಗಳಲ್ಲಿ, ಓಡಿಸಿದ್ದೂ ನಾನೇ. ದೊಡ್ಡ ಗಾಡಿಯ ಹೆಸರು ಹೇಳುವುದಿಲ್ಲ. ನನಗೆ ಬಂದ ತೊಂದರೆ ಈಗಿನ ಯಾವ ಡೀಸೆಲ್ ಗಾಡಿಗೂ ಬರಬಹುದಾದದ್ದು.

ಮನೆ ಇರುವುದು ಬಿಜೈ ಕಾಪಿಕಾಡಿನಲ್ಲಿ, ಆಫೀಸು ಹಂಪನಕಟ್ಟೆಯಲ್ಲಿ. ಲಾಲ್‌ಬಾಗ್, ಪಿವಿಎಸ್ ದಾಟಿ ಹೋದರೆ ನಾಲ್ಕು ಕಿಲೋಮೀಟರ್ ಚಿಲ್ಲರೆ. ದಾರಿಯಲ್ಲಿ ಮಗಳನ್ನು ಶಾಲೆಗೆ ಬಿಡಬೇಕು. ತರಕಾರಿ, ಮೀನು, ಮದ್ದು ಎಲ್ಲ ಸೇರಿದರೂ ಪೇಟೆಯೊಳಗಿನ ಓಟ ತಿಂಗಳಿಗೆ 350 ಕಿ.ಮೀ. ದಾಟುವುದಿಲ್ಲ. ಅಪ್ಪ ಅಮ್ಮ ಹಿರಿಯಡ್ಕದಲ್ಲಿದ್ದಾರೆ. ಅಲ್ಲಿಗೆ ಹೋಗಿ ಬಂದರೆ ಸುಮಾರು 150 ಕಿ.ಮೀ.

2021ರಲ್ಲಿ ಗಾಡಿ ತಗೊಳ್ಳುವಾಗ ನಾನು ಯೋಚಿಸಿದ್ದು ವರ್ಷಕ್ಕೊಮ್ಮೆ ಹೋಗುವ ಚಾರ್ಮಾಡಿ ಘಾಟಿಯನ್ನು, ಇಡೀ ಮನೆಯವರು ಒಟ್ಟಿಗೆ ಹೊರಡುವ ದಿನಗಳನ್ನು. ದಿನಾ ಹೋಗುವ ಆ ನಾಲ್ಕು ಕಿಲೋಮೀಟರನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ತಪ್ಪಿದ್ದು ಅಲ್ಲೇ.

ಮೊದಲ ಮಳೆಗಾಲದ ಒಂದು ಸೋಮವಾರ ಬೆಳಿಗ್ಗೆ, ಬಲ್ಲಾಳ್‌ಬಾಗ್ ಹತ್ತಿರ ಟ್ರಾಫಿಕ್‌ನಲ್ಲಿ ನಿಂತಿದ್ದೆ. ಮೀಟರ್ ಬೋರ್ಡಿನಲ್ಲಿ ಹಳದಿ ಲ್ಯಾಂಪ್ ಉರಿಯಿತು. ಒಂದು ಡಬ್ಬಿ, ಅದರೊಳಗೆ ಚುಕ್ಕೆಗಳು. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ ಅವರು, "ಏನೂ ಇಲ್ಲ ಸರ್, ಡಿಪಿಎಫ್. ಹೈವೇಯಲ್ಲಿ ಒಂದು ಇಪ್ಪತ್ತು ನಿಮಿಷ ಒಂದೇ ಸ್ಪೀಡಲ್ಲಿ ಓಡಿಸಿ, ಹೋಗ್ತದೆ" ಅಂದರು. ಡಿಪಿಎಫ್ ಅನ್ನುವ ಶಬ್ದ ನಾನು ಕೇಳಿದ್ದು ಅದೇ ಮೊದಲು. ಗಾಡಿ ಮಾರುವಾಗ ಅದರ ಮಾತು ಯಾರೂ ಎತ್ತಿರಲಿಲ್ಲ.

ಆಮೇಲೆ ತಿಳಿದುಕೊಂಡೆ. 2020ರ ಏಪ್ರಿಲ್ 1ರಿಂದ ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂತಲ್ಲ, ಅದರ ಮಿತಿಯೊಳಗೆ ಬರಲು ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಜೇನುಗೂಡಿನಂಥ ಒಂದು ಫಿಲ್ಟರ್ ಇಡುತ್ತಾರೆ. ಅದೇ ಡಿಪಿಎಫ್, ಅಂದರೆ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್. ಹೊಗೆಯ ಮಸಿ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ತುಂಬಿದ ಮಸಿಯನ್ನು ಗಾಡಿಯೇ ಸುಟ್ಟು ಖಾಲಿ ಮಾಡಬೇಕು. ಹಾಗೆ ಸುಡಲು ಫಿಲ್ಟರಿನೊಳಗೆ 600 ಡಿಗ್ರಿ ಆಸುಪಾಸಿನ ಬಿಸಿ ಬೇಕು. ಆ ಬಿಸಿಗಾಗಿ ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಗಾಡಿ ಒಂದೇ ಹದದಲ್ಲಿ ಓಡುತ್ತಾ ಇದ್ದರೆ ಈ ಕೆಲಸ ಓಡಿಸುವವರಿಗೆ ಗೊತ್ತಾಗದೆ ಮುಗಿದುಹೋಗುತ್ತದೆ. ನನ್ನ ಗಾಡಿ ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಹಂಪನಕಟ್ಟೆ ಮುಟ್ಟಿ ನಿಲ್ಲುತ್ತಿತ್ತು. ಸುಡಲು ಶುರುವಾದದ್ದು ಅರ್ಧಕ್ಕೇ ನಿಂತು, ಮರುದಿನ ಅದರ ಮೇಲೆ ಮತ್ತಷ್ಟು ಮಸಿ ಕೂರುತ್ತಿತ್ತು.

ಅಂದು ರಾತ್ರಿ ಊಟ ಮುಗಿಸಿ ಒಬ್ಬನೇ ಹೊರಟೆ. ಕುಂಟಿಕಾನದಲ್ಲಿ ಹೈವೇ ಹತ್ತಿ, ಕೂಳೂರು ಸೇತುವೆ ದಾಟಿ, ಸುರತ್ಕಲ್ ಕಳೆದು ಮೂಲ್ಕಿವರೆಗೆ. ಅಲ್ಲಿ ತಿರುಗಿಸಿ ವಾಪಸ್. ಮೂಲ್ಕಿಯಲ್ಲಿ ನನಗೇನೂ ಕೆಲಸ ಇರಲಿಲ್ಲ. ಸುಮ್ನೆ ಡೀಸೆಲ್ ಸುಡಲು ಹೋದದ್ದು. ಲ್ಯಾಂಪ್ ಆರಿತು. ಮನೆಗೆ ಬಂದು ನಿಲ್ಲಿಸಿದ ಮೇಲೂ ಫ್ಯಾನು ಜೋರಾಗಿ ತಿರುಗುತ್ತಲೇ ಇತ್ತು. ಬಾನೆಟ್ ಅಡಿಯಿಂದ ಕಬ್ಬಿಣ ಕಾದ ವಾಸನೆ. ಹೆಂಡತಿ ಕಿಟಕಿ ತೆರೆದು, "ಎಂತ ಆಯ್ತು? ಎಂತದೋ ಸುಟ್ಟ ಹಾಗೆ ಉಂಟು" ಅಂದಳು.

ಅಲ್ಲಿಂದ ಶುರು. ಮಳೆಗಾಲದಲ್ಲಿ ಮೂರು ವಾರಕ್ಕೊಮ್ಮೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಈ ರಾತ್ರಿ ಪ್ರಯಾಣ. ಊರಿಗೆ ಹೋದ ವಾರ ತಾನಾಗಿ ಸರಿಹೋಗುತ್ತಿತ್ತು. ಮಗಳ ಪರೀಕ್ಷೆ, ಯಾರದೋ ಮದುವೆ ಅಂತ ಊರಿನ ಪ್ರಯಾಣ ಎರಡು ಸಲ ತಪ್ಪಿದರೆ ಲ್ಯಾಂಪ್ ಗ್ಯಾರಂಟಿ. ಜುಲೈಯಲ್ಲಿ ಹೈವೇಯಲ್ಲೂ ಹೊಂಡ, ನೀರು. ಒಂದೇ ಸ್ಪೀಡಿನಲ್ಲಿ ಇಪ್ಪತ್ತು ನಿಮಿಷ ಓಡಿಸಲು ಜಾಗವೇ ಇಲ್ಲ. ಎರಡನೇ ವರ್ಷ ಹಾಗೆಯೇ ಆಯಿತು. ಎರಡು ರಾತ್ರಿ ಹೋಗಿ ಬಂದರೂ ಲ್ಯಾಂಪ್ ಆರಲಿಲ್ಲ. ಮೂರನೇ ದಿನ ನಂತೂರು ಏರಿನಲ್ಲಿ ಗಾಡಿ ಎಳೆಯುವುದನ್ನೇ ಬಿಟ್ಟಿತು. ಆಕ್ಸಿಲರೇಟರ್ ಒತ್ತಿದರೂ ವೇಗ ಏರುವುದಿಲ್ಲ. ಹಿಂದೆ ಲಾರಿಗಳ ಹಾರ್ನ್, ಪಕ್ಕದಲ್ಲಿ ಮಗಳು. ಆ ದಿನ ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ಸರ್ವಿಸ್ ಸೆಂಟರಿನಲ್ಲಿ ಕಂಪ್ಯೂಟರ್ ಜೋಡಿಸಿ ನಿಂತಲ್ಲೇ ಮಸಿ ಸುಟ್ಟರು. ಚಿಮ್ಮಿಸಿದ ಡೀಸೆಲ್ ಸ್ವಲ್ಪ ಸ್ವಲ್ಪವೇ ಎಂಜಿನ್ ಆಯಿಲ್‌ಗೆ ಇಳಿದು ಆಯಿಲ್ ತೆಳ್ಳಗಾಗಿತ್ತು. ಮೆಕ್ಯಾನಿಕ್ ಆಯಿಲ್ ಅಳೆಯುವ ಕಡ್ಡಿ ಎಳೆದು ಒರೆಸಿ ತೋರಿಸಿದರು. ಆಯಿಲ್ ಇರಬೇಕಾದ ಗೆರೆಗಿಂತ ಮೇಲೆ ನಿಂತಿತ್ತು. ಬೆರಳಿಗೆ ತಾಗಿಸಿ ಮೂಸಿದರೆ ಡೀಸೆಲ್ ವಾಸನೆ. ಆಯಿಲ್, ಆಯಿಲ್ ಫಿಲ್ಟರ್, ಕೂಲಿ ಎಲ್ಲ ಸೇರಿ 14 ಸಾವಿರ. "ಗಾಡಿಯದ್ದು ತಪ್ಪಿಲ್ಲ, ನೀವು ಓಡಿಸುವುದು ಕಮ್ಮಿ" ಅಂದರು. ಅವರು ಹೇಳಿದ್ದು ಸರಿಯೇ. ಆದರೆ ಈ ಮಾತು ನನಗೆ ಬುಕ್ಕಿಂಗ್ ದಿನವೇ ಬೇಕಿತ್ತು. ದಿನಕ್ಕೆ ಎಷ್ಟು ಓಡಿಸ್ತೀರಿ ಅಂತ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು ಅಲ್ವಾ? ಹದಿನಾರು ಲಕ್ಷದ ಗಾಡಿ ಮಾರುವವರು ಅಷ್ಟು ಕೇಳಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಮೈಲೇಜ್. ಮೀಟರ್ ತೋರಿಸುವ ಅಂಕಿಯನ್ನು ನಾನು ನಂಬುವುದಿಲ್ಲ. ಒಂದೇ ಬಂಕಿನಲ್ಲಿ ಪಂಪ್ ತಾನಾಗಿ ನಿಲ್ಲುವವರೆಗೆ ತುಂಬಿಸಿ, ಮುಂದಿನ ಸಲ ಮತ್ತೆ ಹಾಗೇ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿದ ಲೀಟರಿನಿಂದ ಭಾಗಿಸುತ್ತೇನೆ. ದೊಡ್ಡ ಗಾಡಿ ಪೇಟೆಯಲ್ಲಿ ಮೀಟರಿನಲ್ಲಿ 12 ತೋರಿಸುತ್ತಿತ್ತು. ಬಂಕಿನ ಲೆಕ್ಕದಲ್ಲಿ ಬಂದದ್ದು 9.6. ಹೈವೇಯಲ್ಲಿ 14.5. ವ್ಯಾಗನಾರ್ ಪೇಟೆಯಲ್ಲಿ 15.5, ಊರಿನ ದಾರಿಯಲ್ಲಿ 21. ಕಂಪನಿ ಹೇಳುವುದು 23ರ ಮೇಲೆ. ಅದು ಲ್ಯಾಬಿನಲ್ಲಿ ರೋಲರ್ ಮೇಲೆ ಓಡಿಸಿ ತೆಗೆದ ಅಂಕಿ. ಬಿಜೈಯ ಏರು ಇಳಿತ, ಎಸಿ, ಸಿಗ್ನಲ್ಲು ಅದರಲ್ಲಿ ಸೇರಿಲ್ಲ.

ಪೇಟೆಯಲ್ಲಿ ಇಷ್ಟು ವ್ಯತ್ಯಾಸ ಯಾಕೆ ಅಂದರೆ ತೂಕ. ವ್ಯಾಗನಾರ್ 850 ಕಿಲೋ ಒಳಗೆ. ದೊಡ್ಡದು ಅದರ ಎರಡು ಪಟ್ಟು. ನಿಂತಲ್ಲಿಂದ ಅಷ್ಟು ಭಾರವನ್ನು ಹೊರಡಿಸಬೇಕು, ನೂರು ಮೀಟರ್ ಹೋಗಿ ಬ್ರೇಕ್ ಹಾಕಬೇಕು, ಮತ್ತೆ ಹೊರಡಿಸಬೇಕು. ಪಿವಿಎಸ್‌ನಿಂದ ನವಭಾರತ ಸರ್ಕಲ್‌ವರೆಗೆ ಸಂಜೆ ಒಂದು ಸಲ ಹೋಗಿ ನೋಡಿ, ಎಷ್ಟು ಸಲ ಕ್ಲಚ್ ತುಳಿಯುತ್ತೀರಿ ಅಂತ.

ಆದರೂ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಪೆಟ್ರೋಲ್ 102, ಡೀಸೆಲ್ 90 ಅಂತ ಹಿಡಿದು ಲೆಕ್ಕ ಹಾಕಿದರೆ ನನ್ನ ಓಟಕ್ಕೆ ದೊಡ್ಡ ಗಾಡಿಗೆ ತಿಂಗಳಿಗೆ ಸುಮಾರು 5,100 ರೂಪಾಯಿ, ವ್ಯಾಗನಾರ್‌ಗೆ 3,750. ಉಳಿಯುವುದು ಸಾವಿರದ ಮುನ್ನೂರು ಚಿಲ್ಲರೆ. ಇಷ್ಟಕ್ಕೇ ಯಾರೂ ಗಾಡಿ ಬದಲಾಯಿಸಬೇಕಾಗಿಲ್ಲ. ದುಡ್ಡು ಹೋಗುವುದು ಬೇರೆ ಕಡೆ. ದೊಡ್ಡ ಗಾಡಿಯ ಒಂದು ಟೈರಿನ ದುಡ್ಡಿಗೆ ವ್ಯಾಗನಾರಿಗೆ ಎರಡು ಬರುತ್ತವೆ. ಕರ್ನಾಟಕದ ಲೈಫ್ ಟ್ಯಾಕ್ಸ್ ಹತ್ತರಿಂದ ಇಪ್ಪತ್ತು ಲಕ್ಷದ ಗಾಡಿಗೆ ಶೇ. 17, ಐದರಿಂದ ಹತ್ತು ಲಕ್ಷದ್ದಕ್ಕೆ ಶೇ. 14. ಹದಿನಾರು ಲಕ್ಷಕ್ಕೆ ನಾನು ಕಟ್ಟಿದ್ದು 2.72 ಲಕ್ಷ, ಅದರ ಮೇಲೆ ಸೆಸ್. ಮಾರುವಾಗ ಆ ದುಡ್ಡು ವಾಪಸ್ ಸಿಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದು ದೊಡ್ಡ ಗಾಡಿ ಅಗ್ಗವಾಯಿತು ಅಂತ ಆಫೀಸಿನಲ್ಲಿ ಕೆಲವರು ಹೇಳುತ್ತಾರೆ. ನಿಜ, ದೊಡ್ಡ ಎಸ್‌ಯುವಿಗೆ ಸೆಸ್ ಸೇರಿ ಶೇ. 50 ಇದ್ದದ್ದು 40 ಆಗಿದೆ. ಸಣ್ಣ ಪೆಟ್ರೋಲ್ ಕಾರಿಗೂ 29 ಇದ್ದದ್ದು 18 ಆಗಿದೆ. ನಡುವಿನ ಅಂತರ ಹಾಗೇ ಉಂಟು. ಟೋಲ್ ಮಾತ್ರ ಎರಡಕ್ಕೂ ಒಂದೇ.

ಅಮ್ಮನ ವಿಷಯಕ್ಕೆ ಬರುತ್ತೇನೆ. ಅಮ್ಮನಿಗೆ ಮಂಡಿನೋವು. ದೊಡ್ಡ ಗಾಡಿಗೆ ಹತ್ತಲು ಡಿಕ್ಕಿಯಲ್ಲಿ ಯಾವಾಗಲೂ ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲ್ ಇಡುತ್ತಿದ್ದೆ. ಬಾಗಿಲು ತೆರೆದು ಸ್ಟೂಲ್ ಇಟ್ಟರೆ ಅಮ್ಮ ಒಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಮೇಲಿನ ಹಿಡಿ ಹಿಡಿದು, ಒಂದು ಕ್ಷಣ ಹಾಗೇ ನಿಲ್ಲುತ್ತಿದ್ದರು. ಆಮೇಲೆ ಉಸಿರು ಬಿಗಿಹಿಡಿದು ಹತ್ತುತ್ತಿದ್ದರು. ಇಳಿಯುವುದು ಇನ್ನೂ ಕಷ್ಟ. ಉಡುಪಿ ರಥಬೀದಿ ಹತ್ತಿರ ಒಮ್ಮೆ ಮಳೆಯಲ್ಲಿ ಸ್ಟೂಲ್ ಜಾರಿತು. ನಾನು ಹಿಡಿದುಕೊಂಡೆ, ಬೀಳಲಿಲ್ಲ. "ನಂಗೆ ಬಸ್ಸೇ ಆಗ್ತದೆ ಮಗಾ" ಅಂದರು. ಅಮ್ಮನ ಆರಾಮಕ್ಕೆ ಅಂತ ತಂದ ಗಾಡಿ ಅದು. ಆ ಮಾತು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ವ್ಯಾಗನಾರ್‌ನ ಸೀಟು ಸೊಂಟದ ಎತ್ತರಕ್ಕಿದೆ. ಅಮ್ಮ ಕುರ್ಚಿಯಲ್ಲಿ ಕೂತ ಹಾಗೆ ಕೂತು, ಕಾಲು ಒಳಗೆ ತೆಗೆದುಕೊಳ್ಳುತ್ತಾರೆ. ಸ್ಟೂಲ್ ಈಗ ಹಿರಿಯಡ್ಕದ ಬಚ್ಚಲು ಮನೆಯಲ್ಲಿದೆ.

ನಮ್ಮ ಓಣಿಯಲ್ಲಿ ಎರಡೂ ಕಡೆ ಕೆಂಪುಕಲ್ಲಿನ ಕಂಪೌಂಡ್. ದೊಡ್ಡ ಗಾಡಿಗೆ ಕನ್ನಡಿ ಮಡಚಿಯೇ ತಿರುಗಿಸಬೇಕಿತ್ತು. ಈಗ ಬೇಡ.

ಸಾಮಾನಿಗೆ ದೊಡ್ಡ ಗಾಡಿಯೇ ಬೇಕು ಅನ್ನುವವರಿಗೆ ನನ್ನ ಅನುಭವ ಹೇಳುತ್ತೇನೆ. ಹಿಂದಿನ ಸೀಟು ಮಡಚಿದರೆ ಅದರಲ್ಲಿ ಕಪಾಟನ್ನೇ ತರಬಹುದು, ಸುಳ್ಳಲ್ಲ. ಆದರೆ ಏಳು ಜನ ಕೂತ ದಿನ ಎರಡು ಬ್ಯಾಗ್ ಇಡಲೂ ಜಾಗವಿಲ್ಲ. ಜನ ತುಂಬಿದ ದಿನವೇ ಸಾಮಾನು ಜಾಸ್ತಿ ಇರುವುದು. ಮೂರು ವರ್ಷದಲ್ಲಿ ಮೂರನೇ ಸಾಲಿನಲ್ಲಿ ಜನ ಕೂತದ್ದು ಹನ್ನೊಂದೇ ಸಲ. ವ್ಯಾಗನಾರ್ ಡಿಕ್ಕಿಯಲ್ಲಿ ಸುಲಿದ ತೆಂಗಿನಕಾಯಿಯ ಎರಡು ಗೋಣಿ, ಕುಚ್ಚಲಕ್ಕಿಯ ಒಂದು ಚೀಲ ಹಿಡಿಯುತ್ತದೆ. ಹಲಸಿನಕಾಯಿ ಹಿಂದಿನ ಸೀಟಿನ ಕಾಲಬುಡಕ್ಕೆ. ಸಿಎನ್‌ಜಿ ತಗೊಳ್ಳದೆ ಇದ್ದದ್ದೂ ಇದಕ್ಕೇ. ಗೋಣಿ ಇಡುವ ಜಾಗದಲ್ಲಿ ಸಿಲಿಂಡರ್ ಕೂರುತ್ತದೆ. ಭಾವನ ಮನೆಯವರೂ ಸೇರಿ ಹೊರಡುವ ದಿನ ಡ್ರೈವರ್ ಸಮೇತ ದೊಡ್ಡ ಟ್ಯಾಕ್ಸಿ ಮಾಡುತ್ತೇವೆ. ಆ ದಿನ ನಾನೂ ಕಿಟಕಿ ಹೊರಗೆ ನೋಡುತ್ತಾ ಕೂರಬಹುದು.

ದೊಡ್ಡದು ಗೆಲ್ಲುವ ಜಾಗಗಳೂ ಇವೆ. ಚಾರ್ಮಾಡಿಯಲ್ಲಿ ನಾಲ್ಕು ಜನ, ಎಸಿ ಅಂದರೆ ವ್ಯಾಗನಾರ್ ಎರಡನೇ ಗೇರಿಗೆ ಇಳಿಯುತ್ತದೆ. ಡೀಸೆಲ್ ಗಾಡಿ ಹಾಡುತ್ತಾ ಹತ್ತುತ್ತಿತ್ತು. ಜೋರು ಮಳೆಗೆ ಕೊಟ್ಟಾರ ಚೌಕಿಯಲ್ಲಿ ನೀರು ನಿಂತರೆ ಈಗ ನಾನು ಆ ಕಡೆ ಹೋಗುವುದಿಲ್ಲ, ಇಳಿಯುವವರೆಗೆ ಕಾಯುತ್ತೇನೆ. ಹೈವೇಯಲ್ಲಿ ಎಕ್ಸ್‌ಪ್ರೆಸ್ ಬಸ್ಸು ಪಕ್ಕದಲ್ಲಿ ಹಾದುಹೋದರೆ ಸಣ್ಣ ಗಾಡಿ ಒಂದು ಸಲ ಅಲುಗಾಡುತ್ತದೆ. ಹೆಂಡತಿಗೆ ಇದ್ದ ದೊಡ್ಡ ಚಿಂತೆ ಸುರಕ್ಷತೆಯದ್ದು. ಕಾರನ್ನು ಗುದ್ದಿಸಿ ನೋಡುವ 2023ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ವ್ಯಾಗನಾರ್‌ಗೆ ದೊಡ್ಡವರ ರಕ್ಷಣೆಗೆ ಸಿಕ್ಕಿದ್ದು ಐದರಲ್ಲಿ ಒಂದೇ ಸ್ಟಾರ್. ಇದನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಹೈವೇಯಲ್ಲಿ 80 ದಾಟುವುದಿಲ್ಲ, ರಾತ್ರಿ ದೂರ ಹೋಗುವುದಿಲ್ಲ, ಹಿಂದೆ ಕೂತವರೂ ಬೆಲ್ಟ್ ಹಾಕಲೇಬೇಕು. ದಿನಾ ಹೈವೇಯಲ್ಲಿ ಓಡಾಡುವವನಾಗಿದ್ದರೆ ನಾನು ಈ ಕಾರು ತಗೊಳ್ಳುತ್ತಿರಲಿಲ್ಲ. ಹೆಚ್ಚು ಸ್ಟಾರ್ ಇರುವ ಬೇರೆ ಸಣ್ಣ ಕಾರು ನೋಡುತ್ತಿದ್ದೆ.

ದೊಡ್ಡ ಗಾಡಿ ಮಾರಿ ಅದರ ಸಾಲ ತೀರಿಸಿ, ಉಳಿದದ್ದಕ್ಕೆ ಸ್ವಲ್ಪ ಸೇರಿಸಿ ಇದನ್ನು ತಂದೆ. ತಿಂಗಳಿಗೆ 23 ಸಾವಿರದ ಕಂತು ನಿಂತಿತು. ನಮ್ಮ ಮನೆಗೆ ಸಿಕ್ಕಿದ ನಿಜವಾದ ಉಳಿತಾಯ ಅದು.

ಗಾಡಿ ತಗೊಂಡವರು ಪುತ್ತೂರಿನವರು. ಕೆಲಸಕ್ಕೆ ದಿನಾ ಮಂಗಳೂರಿಗೆ ಬಂದು ಹೋಗುತ್ತಾರೆ, ಹೋಗುವಾಗ ಐವತ್ತು, ಬರುವಾಗ ಐವತ್ತು. ಲ್ಯಾಂಪಿನ ಕತೆ, 14 ಸಾವಿರದ ಬಿಲ್ಲು ಎಲ್ಲ ಮೊದಲೇ ತೋರಿಸಿ ಕೊಟ್ಟಿದ್ದೆ. ಎಂಟು ತಿಂಗಳ ಮೇಲೆ ಒಂದು ದಿನ ಅವರದೇ ಫೋನ್. "ನೀವು ಹೇಳಿದ ಆ ಲ್ಯಾಂಪ್ ಒಮ್ಮೆಯೂ ಉರಿಲಿಲ್ಲ ಮಾರಾಯ್ರೆ. ಮೈಲೇಜ್ 15 ಬರ್ತಾ ಉಂಟು" ಅಂದರು. ನನಗೆ ತುಂಬಾ ಸಂತೋಷವಾಯಿತು. ಆಯಿಲ್ ಮಾತ್ರ ಹೊತ್ತಿಗೆ ಸರಿಯಾಗಿ ಬದಲಾಯಿಸಿ ಅಂತ ಹೇಳಿ ಫೋನ್ ಇಟ್ಟೆ.