ಗ್ರಾಫಿಕ್ಸ್ ಕಾರ್ಡ್ ಬಿಸಿಯಾಗ್ತಿದೆಯಾ? ದಯವಿಟ್ಟು ಮೊದಲೇ ಬಿಚ್ಚಬೇಡಿ

ಕಂಪ್ಯೂಟರಿನ ಪರದೆಗೆ ಚಿತ್ರ ಮೂಡಿಸಿಕೊಡುವ, ಚೆನ್ನಾಗಿದ್ದ ಒಂದು ಗ್ರಾಫಿಕ್ಸ್ ಕಾರ್ಡನ್ನು ಕೈಯಾರೆ ಹಾಳು ಮಾಡಿಕೊಂಡಿದ್ದೇನೆ. ನಿಮ್ಮದಾದರೂ ಉಳಿಯಲಿ ಅಂತ ನಡೆದದ್ದನ್ನು ಬರೆಯುತ್ತಿದ್ದೇನೆ.

ಮೊದಲು ಗೊತ್ತಾಗಿದ್ದು ಸದ್ದಿನಿಂದ. ಗೇಮ್ ಶುರು ಮಾಡಿ ಹತ್ತು ನಿಮಿಷ ಆಗುವಷ್ಟರಲ್ಲಿ ಫ್ಯಾನುಗಳು ಜೋರಾಗಿ ಕೂಗುತ್ತಿದ್ದವು. ಆಮೇಲೆ ಚಿತ್ರ ತಡೆದು ತಡೆದು ಬರುತ್ತಿತ್ತು. ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿದರೆ 87 ಡಿಗ್ರಿ. ಭಾರೀ ಕೆಲಸ ಮಾಡುವಾಗ 65ರಿಂದ 80ರ ತನಕ ಏರುವುದು ಹೆಚ್ಚಿನ ಕಾರ್ಡುಗಳಲ್ಲಿ ಮಾಮೂಲಿ. ಇನ್ನೂ ಮೇಲೆ ಹೋದರೆ ಕಾರ್ಡು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಚಿತ್ರ ತಡೆಯುತ್ತಿದ್ದದ್ದು ಅದಕ್ಕೇ.

ಕಾರ್ಡಿಗೆ ನಾಲ್ಕು ವರ್ಷ ಆಗಿತ್ತು. ಚಿಪ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ, ಅಂದರೆ ಬಿಸಿ ಎಳೆದುಕೊಳ್ಳುವ ಲೋಹದ ಭಾಗಕ್ಕೆ, ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರಬೇಕು ಅಂದುಕೊಂಡೆ. ಬೇರೆ ಏನನ್ನೂ ನೋಡದೆ ಸ್ಕ್ರೂಡ್ರೈವರ್ ಎತ್ತಿಕೊಂಡೆ. ನನ್ನ ಮೊದಲ ತಪ್ಪು ಇದೇ.

ಹೀಟ್‌ಸಿಂಕ್ ಎತ್ತಿದಾಗ ಮಧ್ಯದ ಚಿಪ್ ಮೇಲಿದ್ದ ಪೇಸ್ಟ್ ನಿಜಕ್ಕೂ ಒಣಗಿ ಹೆಕ್ಕಳಿಕೆ ಕಟ್ಟಿತ್ತು. ಒರೆಸಿ ಹೊಸದು ಹಚ್ಚಿದೆ. ಆದರೆ ಅದರ ಸುತ್ತ ಇರುವ ಮೆಮೊರಿ ಚಿಪ್‌ಗಳ ಮೇಲೆ ಪೇಸ್ಟ್ ಇರುವುದಿಲ್ಲ, ಮೆತ್ತಗಿನ ಥರ್ಮಲ್ ಪ್ಯಾಡ್ ಇರುತ್ತದೆ. ಹೀಟ್‌ಸಿಂಕ್ ಎತ್ತುವಾಗ ಎರಡು ಪ್ಯಾಡ್‌ಗಳು ಅರ್ಧ ಅಲ್ಲಿ, ಅರ್ಧ ಇಲ್ಲಿ ಅಂಟಿಕೊಂಡು ಹರಿದುಹೋದವು. ನನ್ನ ಹತ್ತಿರ ಬೇರೆ ಪ್ಯಾಡ್ ಇರಲಿಲ್ಲ. ಪೇಸ್ಟ್ ಹೇಗೂ ಉಳಿದಿದೆಯಲ್ಲ ಅಂತ ಆ ಎರಡು ಜಾಗಕ್ಕೆ ಅದನ್ನೇ ಬೆರಳಲ್ಲಿ ದಪ್ಪಗೆ ಮೆತ್ತಿ ಮುಚ್ಚಿಬಿಟ್ಟೆ.

ಇದನ್ನು ಮಾತ್ರ ಯಾವತ್ತೂ ಮಾಡಬೇಡಿ. ಪೇಸ್ಟ್ ಇರುವುದು ಒಂದಕ್ಕೊಂದು ಒತ್ತಿಕೊಂಡಿರುವ ಎರಡು ಗಟ್ಟಿ ಮೈಗಳ ನಡುವೆ ಕೂದಲೆಳೆಯಷ್ಟು ಸಂದು ತುಂಬುವುದಕ್ಕೆ. ಮೆಮೊರಿ ಚಿಪ್‌ಗೂ ಹೀಟ್‌ಸಿಂಕ್‌ಗೂ ನಡುವೆ ಒಂದು, ಒಂದೂವರೆ ಮಿಲಿಮೀಟರ್ ಅಂತರ ಇರಬಹುದು. ಅದನ್ನು ಅದೇ ದಪ್ಪದ ಪ್ಯಾಡೇ ತುಂಬಬೇಕು. ತೆಳು ಪ್ಯಾಡ್ ಹಾಕಿದರೆ ಮೆಮೊರಿಗೆ ತಾಗುವುದಿಲ್ಲ. ದಪ್ಪದ್ದು ಹಾಕಿದರೆ ಹೀಟ್‌ಸಿಂಕ್ ಮೇಲಕ್ಕೆದ್ದು ಮುಖ್ಯ ಚಿಪ್‌ಗೇ ಸರಿಯಾಗಿ ಕೂರುವುದಿಲ್ಲ.

ಮತ್ತೆ ಆನ್ ಮಾಡಿದಾಗ ಬಿಸಿ 79ಕ್ಕೆ ಇಳಿದಿತ್ತು. ಎಷ್ಟು ಖುಷಿಯಾಯಿತು ಅಂದರೆ, ಅಲ್ಲಿಗೆ ಕೆಲಸ ಮುಗೀತು ಅಂದುಕೊಂಡೆ. ಆ 79 ಮುಖ್ಯ ಚಿಪ್‌ನದು ಮಾತ್ರ. ಮೆಮೊರಿಯ ಬಿಸಿಯನ್ನು ನನ್ನ ಕಾರ್ಡು ತೋರಿಸುತ್ತಲೇ ಇರಲಿಲ್ಲ.

ಮೂರು ವಾರ ಕಳೆದ ಮೇಲೆ ಪರದೆ ತುಂಬಾ ಹಸಿರು, ಗುಲಾಬಿ ಬಣ್ಣದ ಚಿಕ್ಕ ಚೌಕಗಳು. ಎರಡು ದಿನ ಹಾಗೇ ಓಡಿಸಿದೆ. ಮೂರನೇ ದಿನ ಪರದೆ ಕಪ್ಪಾಯಿತು, ಮತ್ತೆ ಬೆಳಗಲೇ ಇಲ್ಲ.

ರಿಪೇರಿ ಮಾಡುವವರು ಬಿಚ್ಚಿ ತೋರಿಸಿದರು. ಸರಿಯಾಗಿದ್ದ ಪ್ಯಾಡ್‌ಗಳ ಮೇಲೆ ಚಿಪ್‌ನ ಚೌಕದ ಅಚ್ಚು ಬಿದ್ದಿತ್ತು. ನಾನು ಮೆತ್ತಿದ್ದ ಪೇಸ್ಟ್ ಮೇಲೆ ಮಾತ್ರ ನನ್ನ ಬೆರಳಿನ ಗುರುತು ಇನ್ನೂ ಹಾಗೇ ಇತ್ತು. ಮೂರು ವಾರ ಅದಕ್ಕೆ ಹೀಟ್‌ಸಿಂಕ್ ತಾಗಿಯೇ ಇರಲಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಬೇರೆ ಕಾರ್ಡು ತಂದು ಹಾಕಿದೆ. ಹೊಚ್ಚ ಹೊಸದು, ಅದೂ 84ಕ್ಕೆ ಹೋಯಿತು! ಆಗಲೇ ಹೊಳೆದದ್ದು, ತೊಂದರೆ ಬರೀ ಕಾರ್ಡಿನದ್ದಲ್ಲ ಅಂತ. ಕಂಪ್ಯೂಟರಿನ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಅದೇ ಗೇಮ್ ಹಾಕಿದೆ. ಹದಿನೈದು ನಿಮಿಷ ಆದರೂ 71 ದಾಟಲಿಲ್ಲ. ಮುಂದಿನ ಜಾಲರಿ ಕಳಚಿದರೆ, ಧೂಳು ಕಂಬಳಿಯ ಹಾಗೆ ಒತ್ತಾಗಿ ಕೂತು, ಎಳೆದಾಗ ಒಂದೇ ಹಾಳೆಯಾಗಿ ಎದ್ದು ಬಂತು. ಜೊತೆಗೆ ಕ್ಯಾಬಿನೆಟ್ ಇಟ್ಟಿದ್ದದ್ದು ಮೇಜಿನ ಕೆಳಗಿನ ಮುಚ್ಚಿದ ಗೂಡಿನಲ್ಲಿ. ಹೊರಬಂದ ಬಿಸಿ ಗಾಳಿಯನ್ನೇ ಅದು ಮತ್ತೆ ಒಳಗೆ ಎಳೆದುಕೊಳ್ಳುತ್ತಿತ್ತು. ಜಾಲರಿ ತೊಳೆದು ಒಣಗಿಸಿ ಹಾಕಿದೆ, ಕ್ಯಾಬಿನೆಟ್ಟನ್ನು ಹೊರಗಿಟ್ಟೆ. ಈಗ ಬಾಗಿಲು ಮುಚ್ಚಿದ್ದರೂ 72ರ ಆಸುಪಾಸಿನಲ್ಲೇ ಇರುತ್ತದೆ.

ಹಾಗಾಗಿ ಮೊದಲು ಬಾಗಿಲು ತೆಗೆದು ನೋಡಿ. ಬಿಸಿ ಹತ್ತು ಡಿಗ್ರಿಯಷ್ಟು ಇಳಿದರೆ ಕಾರ್ಡು ಬಿಚ್ಚುವ ಮಾತೇ ಬೇಡ, ಗಾಳಿಯ ದಾರಿ ಸರಿಮಾಡಿ. ಧೂಳು ಊದುವಾಗ ಕಂಪ್ಯೂಟರ್ ಆಫ್ ಮಾಡಿ, ಕಾರ್ಡಿನ ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡಿದುಕೊಳ್ಳಿ. ಬ್ಲೋವರ್ ಹೊಡೆತಕ್ಕೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹೋಗಬಹುದು. ಇನ್ನೊಂದು ವಿಷಯ, ಸುಮ್ನೆ ಇರುವಾಗ ಫ್ಯಾನ್ ನಿಂತಿದೆ ಅಂತ ಗಾಬರಿ ಬೇಡ. ಬಿಸಿ ಕಡಿಮೆ ಇದ್ದಾಗ ಎಷ್ಟೋ ಕಾರ್ಡುಗಳಲ್ಲಿ ಅದು ನಿಲ್ಲುವುದೇ ಹಾಗೆ.

ಈಗಾಗಲೇ ಬಿಚ್ಚಿ ಕೂತಿದ್ದೀರಾ, ಪ್ಯಾಡ್ ಹರಿದಿದೆಯಾ? ಹಾಗೇ ಜೋಡಿಸಿ ಆನ್ ಮಾಡಬೇಡಿ. ನಿಮ್ಮ ಮಾಡೆಲ್‌ಗೆ ಯಾವ ಜಾಗದಲ್ಲಿ ಎಷ್ಟು ದಪ್ಪದ ಪ್ಯಾಡ್ ಬೇಕು ಅಂತ ತಿಳಿದುಕೊಂಡು, ಅದು ಕೈಗೆ ಬರುವ ತನಕ ಕಾರ್ಡನ್ನು ಪಕ್ಕಕ್ಕಿಡಿ. ಒಂದು ವಾರವಾದರೂ ಪರವಾಗಿಲ್ಲ.